ಏದುಸಿರು ಉಸಿರಲ್ಲ: ಸಿಪಿಆರ್ ತರಬೇತಿಯ ಟಿಪ್ಪಣಿ

ನಮ್ಮ ಬಡಾವಣೆಯ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ನನಗೆ ಅರ್ಥವಾದದ್ದನ್ನು ಮುಂದಿನ ತಂಡದವರಿಗಾಗಿ ಬರೆದಿಡುತ್ತಿದ್ದೇನೆ. ಗಾಯಕ್ಕೆ ಪಟ್ಟಿ ಕಟ್ಟುವುದು ನಾಲ್ಕು ಸಲ ಮಾಡಿದರೆ ಕೈಗೆ ಹತ್ತುತ್ತದೆ. ಸಿಪಿಆರ್ ಎಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು; ಅದರಲ್ಲಿ ಕಷ್ಟ ಇರುವುದು ಶುರು ಮಾಡುವುದರಲ್ಲಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಆ ವ್ಯಕ್ತಿ ಎದೆ ಹಿಡಿದುಕೊಂಡು ಬೆವರುತ್ತಾ ನಮ್ಮ ಜೊತೆ ಮಾತಾಡುತ್ತಿರಬಹುದು. ಅವರ ಎದೆ ಒತ್ತಬಾರದು. ಕೂರಿಸಿ, ಬೇಗ ಆಸ್ಪತ್ರೆಗೆ ಕಳಿಸಬೇಕು. ಹೃದಯ ಸ್ತಂಭನ ಬೇರೆ. ಅಲ್ಲಿ ರಕ್ತ ಹರಿಯುವುದೇ ನಿಂತಿರುತ್ತದೆ. ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ.

ಸ್ತಂಭನವನ್ನು ಗುರುತಿಸುವಾಗಲೇ ಹೆಚ್ಚಿನವರು ಎಡವುವುದು. ಬಿದ್ದವರು ಒಮ್ಮೊಮ್ಮೆ ಬಾಯಿ ತೆರೆದು, ದಡಕ್ಕೆ ಬಿದ್ದ ಮೀನಿನ ಹಾಗೆ, ಗೊರ್ ಎಂದು ಗಾಳಿ ಎಳೆಯುತ್ತಾರೆ. ಸುತ್ತ ನಿಂತವರು 'ಉಸಿರಾಡ್ತಿದಾರೆ, ನೀರು ಕೊಡಿ' ಎನ್ನುತ್ತಾರೆ. ಅದು ಉಸಿರಾಟವಲ್ಲ, ಆಮ್ಲಜನಕ ಸಿಗದ ಮಿದುಳಿನ ಕೊನೆಯ ಒದ್ದಾಟ. ಪ್ರಜ್ಞೆಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಭುಜ ತಟ್ಟಿ ಕೂಗಿ, ಎದೆ ನೋಡಿ. ಹತ್ತು ಸೆಕೆಂಡಿನೊಳಗೆ ಸರಿಯಾದ ಉಸಿರು ಕಾಣದಿದ್ದರೆ ಒತ್ತಲು ಶುರು ಮಾಡಿ. ನಾಡಿ ಹುಡುಕುತ್ತಾ ಕೂರಬೇಡಿ. 108 ಅಥವಾ 112ಕ್ಕೆ ಕರೆ ಮಾಡುವ ಕೆಲಸವನ್ನು 'ಯಾರಾದ್ರೂ ಮಾಡಿ' ಅನ್ನದೆ, ಒಬ್ಬರತ್ತ ಕೈ ತೋರಿಸಿ 'ಅಣ್ಣಾ, ನೀವು ಮಾಡಿ' ಎಂದು ಒಪ್ಪಿಸಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ.

ಗಟ್ಟಿ ನೆಲ ಬೇಕು, ಹಾಸಿಗೆ ಆಗದು. ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಹಸ್ತದ ಬುಡ, ಅದರ ಮೇಲೆ ಇನ್ನೊಂದು ಕೈ. ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ನಾನು ತರಬೇತಿಯ ಗೊಂಬೆಯ ಮೇಲೆ ಒತ್ತಿದಾಗ ಮೊದಲ ನಿಮಿಷವೇ ಮೊಣಕೈ ಮಡಚಿತು, ತೋಳು ನಡುಗಿತು. ತೋಳು ನೇರವಿಟ್ಟು, ಭುಜವನ್ನು ಕೈಯ ನೇರಕ್ಕೆ ತಂದು, ಮೈಭಾರ ಹಾಕಿದ ಮೇಲೆಯೇ ಗೊಂಬೆಯೊಳಗಿನ ಸ್ಪ್ರಿಂಗ್ ಟಕ್ ಎಂದಿತು.

ಒತ್ತಿದಷ್ಟೇ ಮುಖ್ಯ, ಬಿಡುವುದು. ಎದೆ ಪೂರ್ತಿ ಮೇಲೆದ್ದಾಗಲೇ ಹೃದಯಕ್ಕೆ ರಕ್ತ ವಾಪಸು ತುಂಬುವುದು, ಹೃದಯದ ಸ್ವಂತ ನಾಳಗಳಿಗೂ ಆಗಲೇ ರಕ್ತ ಸಿಗುವುದು. ಸುಸ್ತಾದವರು ಎದೆಯ ಮೇಲೆ ಭಾರ ಊರಿಯೇ ಇರುತ್ತಾರೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು.

ಎಣಿಕೆಯ ಒಂದು ಉಪಾಯ: 'ಹನ್ನೊಂದು', 'ಇಪ್ಪತ್ತೊಂದು' ಎನ್ನುವಷ್ಟರಲ್ಲಿ ನನ್ನ ಕೈ ನಿಧಾನವಾಗುತ್ತಿತ್ತು. ಒಂದರಿಂದ ಹತ್ತು, ಹಾಗೇ ಮೂರು ಸಲ ಎಣಿಸಿದಾಗ ಲಯ ತಪ್ಪಲಿಲ್ಲ.

ಕಲಿತವರು 30 ಒತ್ತಿಗೆ ಬಾಯಿಗೆ ಬಾಯಿಟ್ಟು 2 ಉಸಿರು ಕೊಡುತ್ತಾರೆ. ಸಾಮಾನ್ಯ ಜನರಿಗಾಗಿ ಭಾರತೀಯ ಪುನಶ್ಚೇತನ ಮಂಡಳಿ ರೂಪಿಸಿದ ಕ್ರಮದಲ್ಲಿ ಬರೀ ಎದೆ ಒತ್ತುವುದಷ್ಟೇ ಇದೆ. ಥಟ್ಟನೆ ಕುಸಿದ ವಯಸ್ಕರ ರಕ್ತದಲ್ಲಿ ಕೆಲವು ನಿಮಿಷಕ್ಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ. ಕೆರೆ, ಬಾವಿಯಿಂದ ಎತ್ತಿದವರಿಗೆ ಅದೂ ಇರುವುದಿಲ್ಲ, ಅವರಿಗೆ ಉಸಿರು ಕೊಡುವುದು ಬಹಳ ಮುಖ್ಯ. ನಮ್ಮೂರುಗಳಲ್ಲಿ ಈಜಲು ಹೋದ ಮಕ್ಕಳನ್ನು ನೆನೆದರೆ, ಇದನ್ನು ಪ್ರತಿಯೊಬ್ಬರೂ ಕಲಿಯಬೇಕು ಅನ್ನಿಸುತ್ತದೆ. ನೀರು ತೆಗೆಯಲೆಂದು ಹೊಟ್ಟೆ ಅಮುಕಬೇಡಿ.

ತರಬೇತಿಯಲ್ಲಿ ಒಬ್ಬ ಅಮ್ಮ ಕೇಳಿದರು: 'ಪಕ್ಕೆಲುಬು ಮುರಿದ್ರೆ? ಪೊಲೀಸರು ಹಿಡಿದ್ರೆ?' ಪಕ್ಕೆಲುಬು ಮುರಿಯುವುದುಂಟು, ಅದು ಕೂಡುತ್ತದೆ; ಒತ್ತುವುದನ್ನು ನಿಲ್ಲಿಸಬೇಡಿ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ರಕ್ಷಣೆ ಕೊಡುತ್ತದೆ. ಅಷ್ಟು ಕೇಳಿ ಆ ಅಮ್ಮ ಸೆರಗು ಸಿಕ್ಕಿಸಿಕೊಂಡು ಗೊಂಬೆಯ ಪಕ್ಕ ಮಂಡಿಯೂರಿದರು.