ಹಲಗೆ ಸವೆದರೆ ಹದಿನೆಂಟು ಅಂಕ

ಬೆಂಗಳೂರಿನ ಬಡಾವಣೆಗಳಲ್ಲಿ ಕಾರು ಓಡಿಸುವವರಿಗೆಲ್ಲ ಒಂದು ಸದ್ದು ಚೆನ್ನಾಗಿ ಗೊತ್ತು. ಬಿಳಿ ಪಟ್ಟೆ ಅಳಿಸಿಹೋದ ಹಂಪು ಕತ್ತಲಲ್ಲಿ ಕಾಣದೆ, ಹತ್ತಿ ಇಳಿಯುವಾಗ ಕಾರಿನ ತಳ ಕರ್ರೆಂದು ಕೆರೆಯುವ ಸದ್ದು. ಒಬ್ಬರೇ ಇದ್ದಾಗ ತಾಗದ ತಳ ಐದು ಜನ ಕೂತಾಗ ತಾಗುತ್ತದೆ. ನಮಗೆ ಆಗುವ ನಷ್ಟ ಹೆಚ್ಚೆಂದರೆ ಗ್ಯಾರೇಜಿನ ಒಂದು ಬಿಲ್ಲು. 2025ರ ನವೆಂಬರಿನಲ್ಲಿ ಲಾಸ್ ವೇಗಸ್‌ನ ಫಾರ್ಮುಲಾ 1 ಕಾರು ಓಟದಲ್ಲಿ ಇಂಥದ್ದೇ ಕೆರೆತ ಮೆಕ್‌ಲಾರೆನ್ ತಂಡದ ಲ್ಯಾಂಡೊ ನಾರಿಸ್ ಅವರ 18 ಅಂಕ ನುಂಗಿತು. ಕಾರಿನ ಹೊಟ್ಟೆಗೆ ಬಡಿದಿರುವ ಹಲಗೆ ಓಟ ಮುಗಿದಾಗ ಕನಿಷ್ಠ 9 ಮಿ.ಮೀ. ದಪ್ಪ ಇರಬೇಕು. ಅಳೆದರೆ ಒಂದು ಕಡೆ 8.88, ಇನ್ನೊಂದು ಕಡೆ 8.93. ಕೊರತೆ ಹೆಚ್ಚುಕಡಿಮೆ ಒಂದು ಹಾಳೆ ಕಾಗದದಷ್ಟು. ಎರಡನೆಯವರಾಗಿ ಗುರಿ ಮುಟ್ಟಿದ್ದ ನಾರಿಸ್ ಅನರ್ಹರಾದರು. ಅದೇ ತಂಡದ ಆಸ್ಕರ್ ಪಿಯಾಸ್ಟ್ರಿ ಕೂಡ.

ಆ ವರ್ಷದ ಫಾರ್ಮುಲಾ 1 ಚಾಂಪಿಯನ್‌ಷಿಪ್ ಕೊನೆಗೆ ತೀರ್ಮಾನವಾದದ್ದು 2 ಅಂಕಗಳಲ್ಲಿ. ನಾರಿಸ್ 423, ಮ್ಯಾಕ್ಸ್ ವರ್ಸ್ಟಾಪನ್ 421, ಪಿಯಾಸ್ಟ್ರಿ 410. ಮಾರ್ಚ್ 16ರಂದು ಮೆಲ್ಬರ್ನ್‌ನಲ್ಲಿ ಶುರುವಾಗಿ ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಮುಗಿದ 24 ಓಟಗಳಲ್ಲಿ ವರ್ಸ್ಟಾಪನ್ 8 ಗೆದ್ದರು, ಉಳಿದಿಬ್ಬರು ತಲಾ 7. ಹೆಚ್ಚು ಗೆದ್ದವರಿಗೆ ಕಿರೀಟ ಸಿಗಲಿಲ್ಲ. ಯುರೋಪಿನ ಓಟಗಳು ನಮ್ಮಲ್ಲಿ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಟಿವಿ ಮುಂದೆ ಕೂತವರ ಕಣ್ಣಿಗೆ ಬೀಳುವುದು ವೇಗ. ಆದರೆ ಆ ಎರಡು ಅಂಕ ಎಲ್ಲಿ ಸೋರಿತೆಂದು ಹುಡುಕಿಕೊಂಡು ಹೋದರೆ ಸಿಗುವುದು ರೇಷನ್ ಅಂಗಡಿಯ ಲೆಕ್ಕ: ಇಷ್ಟು ಟೈರು, ಇಷ್ಟು ಎಂಜಿನ್ನು, ಇಷ್ಟು ಇಂಧನ, ಇಷ್ಟು ಸವೆತ.

ಮೊದಲು ಹಲಗೆಯ ವಿಷಯ. ಹೊಸದಾಗಿದ್ದಾಗ ಅದು 10 ಮಿ.ಮೀ. ದಪ್ಪ; ಒಂದು ಮಿಲಿಮೀಟರ್ ಸವೆಯಲು ಅನುಮತಿ. ಟಿವಿಯಲ್ಲಿ ಕಾರಿನ ಹಿಂದೆ ಚಿಮ್ಮುವ ಕಿಡಿಗಳು ಹಲಗೆಯಲ್ಲಿ ಕೂರಿಸಿದ ಟೈಟೇನಿಯಂ ತುಂಡುಗಳು ರಸ್ತೆಗೆ ಉಜ್ಜಿ ಬರುವಂಥವು. ಇಷ್ಟೆಲ್ಲ ತೊಂದರೆ ಇದ್ದರೆ ಕಾರನ್ನು ಸ್ವಲ್ಪ ಎತ್ತರಕ್ಕೆ ಇಟ್ಟುಕೊಳ್ಳಬಾರದೇ? ಇಟ್ಟುಕೊಳ್ಳಬಹುದು, ಆದರೆ ನಿಧಾನವಾಗುತ್ತದೆ. 2022ರಿಂದ 2025ರವರೆಗಿನ ಕಾರುಗಳ ತಳದಲ್ಲಿ ಎರಡು ಸುರಂಗಗಳಿದ್ದವು. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಹಿಸುಕಿದರೆ ನೀರು ರಭಸವಾಗುವ ಹಾಗೆ, ತಳ ಮತ್ತು ರಸ್ತೆಯ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ರಭಸವಾಗುತ್ತದೆ. ರಭಸವಾದ ಕಡೆ ಗಾಳಿಯ ಒತ್ತಡ ಇಳಿಯುತ್ತದೆ, ಮೇಲಿನ ಗಾಳಿ ಕಾರನ್ನು ರಸ್ತೆಗೆ ಅದುಮುತ್ತದೆ. ಇದೇ ಡೌನ್‌ಫೋರ್ಸ್. ತಿರುವಿನಲ್ಲಿ ಟೈರಿಗೆ ಹಿಡಿತ ಕೊಡುವುದು ಇದು. ತಳ ರಸ್ತೆಗೆ ಹತ್ತಿರವಾದಷ್ಟೂ ಲಾಭ, ಒಂದು ಹಂತದವರೆಗೆ.

ಆ ಹಂತ ದಾಟಿದರೆ ತೊಂದರೆ. ಡೌನ್‌ಫೋರ್ಸ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 150 ಕಿ.ಮೀ.ನಿಂದ 300ಕ್ಕೆ ಹೋದರೆ ನಾಲ್ಕು ಪಟ್ಟು. ನೇರ ರಸ್ತೆಯ ತುದಿಯಲ್ಲಿ ಕಾರು ಅಷ್ಟು ಕೆಳಗೆ ಕುಸಿದಾಗ ತಳದ ಗಾಳಿಯ ಹರಿವು ಕಟ್ಟಿಹೋಗುತ್ತದೆ, ಅದುಮುವ ಬಲ ತಟ್ಟನೆ ಸಡಿಲಾಗಿ ಕಾರು ಮೇಲೇಳುತ್ತದೆ. ಮೇಲೆದ್ದ ಕೂಡಲೇ ಹರಿವು ಮತ್ತೆ ಕೂಡಿಕೊಂಡು ಕೆಳಗೆಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ ಕುಪ್ಪಳಿಸುವುದಕ್ಕೆ ಪಾರ್ಪಾಯ್ಸಿಂಗ್ ಎನ್ನುತ್ತಾರೆ. ಪ್ರತಿ ಕುಪ್ಪಳಿಕೆಗೂ ಹಲಗೆ ಒಂದಿಷ್ಟು ಉಜ್ಜಿಹೋಗುತ್ತದೆ.

ವೇಗಸ್‌ನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಒಟ್ಟಿಗೆ ಸೇರಿತ್ತು. ಸುಮಾರು 1.9 ಕಿ.ಮೀ. ಉದ್ದದ ನೇರ ಹಾದಿ, ದಿನವೂ ಬಸ್ಸು ಟ್ಯಾಕ್ಸಿ ಓಡಾಡುವ ಉಬ್ಬುತಗ್ಗಿನ ರಸ್ತೆ, ರಾತ್ರಿಯ ಚಳಿ. ಚಳಿಯ ಪಾತ್ರ ಚಿಕ್ಕದಲ್ಲ. 35 ಡಿಗ್ರಿಯ ಗಾಳಿಗಿಂತ 15 ಡಿಗ್ರಿಯ ಗಾಳಿ ಸುಮಾರು ಶೇ 7ರಷ್ಟು ದಟ್ಟ, ಅಂದರೆ ಅದೇ ವೇಗಕ್ಕೆ ಅಷ್ಟೇ ಹೆಚ್ಚು ಅದುಮು. ಮಳೆ ಮತ್ತು ಮ್ಯಾನ್‌ಹೋಲ್ ಮುಚ್ಚಳದ ಗಲಾಟೆಯಲ್ಲಿ ಅಭ್ಯಾಸದ ಸಮಯವೂ ಕತ್ತರಿಯಾಗಿತ್ತು. (ಮ್ಯಾನ್‌ಹೋಲ್ ಮುಚ್ಚಳ ಅಲುಗಾಡುವುದು ನಮ್ಮೂರಿಗಷ್ಟೇ ಮೀಸಲಲ್ಲ.) ಹೊರಡುವ ಸಾಲನ್ನು ತೀರ್ಮಾನಿಸುವ ಅರ್ಹತಾ ಸುತ್ತು ಶುರುವಾದ ಮೇಲೆ ಕಾರಿನ ಎತ್ತರ ಬದಲಿಸುವಂತಿಲ್ಲ, ಬದಲಿಸಿದರೆ ಎಲ್ಲರ ಹಿಂದೆ, ಗ್ಯಾರೇಜುಗಳ ಮುಂದಿನ ಪಿಟ್ ದಾರಿಯಿಂದ ಹೊರಡಬೇಕು. ಹಾಗಾಗಿ ಅರೆಬರೆ ಮಾಹಿತಿಯ ಮೇಲೆ ಇಟ್ಟ ಎತ್ತರದಲ್ಲೇ 50 ಸುತ್ತು ಓಡಬೇಕಾಯಿತು. ನಡುವೆ ಉಳಿಯುವ ಮದ್ದು ಒಂದೇ, ನೇರ ಹಾದಿಯ ತುದಿಗೆ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಕೊನೆಯ ಸುತ್ತುಗಳಲ್ಲಿ ನಾರಿಸ್ ನಿಧಾನಿಸಿದಾಗ ಪೆಟ್ರೋಲು ಸಾಲದಾಗಿದೆ ಎಂದುಕೊಂಡವರೇ ಹೆಚ್ಚು.

ಗಾಳಿಯ ದಟ್ಟಣೆ ಎಂದಾಗ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ನಮ್ಮಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಇಲ್ಲೇ ಓಟ ನಡೆದರೆ ಡೌನ್‌ಫೋರ್ಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾದೀತು. 2,240 ಮೀಟರ್ ಎತ್ತರದ ಮೆಕ್ಸಿಕೊ ಸಿಟಿಯಲ್ಲಿ ಕಾಲು ಭಾಗಕ್ಕೆ ಹತ್ತಿರದಷ್ಟು ಗಾಳಿಯೇ ಇರುವುದಿಲ್ಲ. ಅಲ್ಲಿ ತಂಡಗಳು ಮೊನಾಕೊದ ಇಕ್ಕಟ್ಟು ಬೀದಿಗೆ ಹಾಕುವಂಥ ಭಾರಿ ರೆಕ್ಕೆ ಕಟ್ಟುತ್ತವೆ, ಸಿಗುವುದು ಮಾತ್ರ ಇಟಲಿಯ ಮೊಂಜಾದಲ್ಲಿ ಸಣ್ಣ ರೆಕ್ಕೆಗೆ ಸಿಗುವಷ್ಟು ಅದುಮು. ಬ್ರೇಕು, ರೇಡಿಯೇಟರು ತಣಿಸಲು ದೇಹದಲ್ಲಿ ದೊಡ್ಡ ಕಿಂಡಿ ಕೊರೆಯಬೇಕು. ಟರ್ಬೊ ಅದೇ ಪ್ರಮಾಣದ ಗಾಳಿ ತುಂಬಲು ಇನ್ನೂ ಜೋರಾಗಿ ತಿರುಗಬೇಕು.

ಈ ಗಾಳಿಯ ಪಾಠ ಕಲಿಯುವುದು ಮಾದರಿ ಕಾರಿನ ಮೇಲೆ ಗಾಳಿ ಹಾಯಿಸಿ ನೋಡುವ ವಿಂಡ್ ಟನಲ್‌ನಲ್ಲಿ. ನಮ್ಮ ಐಐಎಸ್‌ಸಿ, ಎನ್‌ಎಎಲ್‌ಗಳಲ್ಲಿ ವಿಮಾನದ ಮಾದರಿಗಳನ್ನು ಪರೀಕ್ಷಿಸುವಂತೆಯೇ. ಆದರೆ ಇಲ್ಲೂ ರೇಷನ್. ಮಾದರಿ ನಿಜವಾದ ಕಾರಿನ ಶೇ 60ಕ್ಕಿಂತ ದೊಡ್ಡದಿರಬಾರದು, ಗಾಳಿ ಸೆಕೆಂಡಿಗೆ 50 ಮೀಟರ್ ಮೀರಬಾರದು. ಪರೀಕ್ಷೆಗಳ ಲೆಕ್ಕದಲ್ಲೂ ಹಿಂದಿನ ವರ್ಷ ಗೆದ್ದ ತಂಡಕ್ಕೆ ಮೂಲ ಪಾಲಿನ ಶೇ 70, ಹತ್ತನೆಯದಕ್ಕೆ ಶೇ 115. 2024ರಲ್ಲಿ ತಂಡಗಳ ಪ್ರಶಸ್ತಿ ಗೆದ್ದಿದ್ದ ಮೆಕ್‌ಲಾರೆನ್‌ಗೆ 2025ರಲ್ಲಿ ಸಿಕ್ಕಿದ್ದು ಎಲ್ಲರಿಗಿಂತ ಸಣ್ಣ ಪಾಲು. ಉಂಡವನಿಗೆ ಸಣ್ಣ ತುತ್ತು, ಹಸಿದವನಿಗೆ ದೊಡ್ಡದು. ನನ್ನ ಮಟ್ಟಿಗೆ ಈ ಕ್ರೀಡೆಯ ಅತಿ ಜಾಣ ನಿಯಮ ಇದು.

ಇನ್ನು ಟೈರು. ಮಾಮೂಲಿ ವಾರಾಂತ್ಯಕ್ಕೆ ಒಬ್ಬ ಚಾಲಕನಿಗೆ ಒಣ ರಸ್ತೆಯ 13 ಸೆಟ್: ಹಾರ್ಡ್ 2, ಮೀಡಿಯಂ 3, ಸಾಫ್ಟ್ 8. ಸಾಫ್ಟ್‌ಗೆ ಹಿಡಿತ ಹೆಚ್ಚು, ಆದರೆ ಬೇಗ ಸವೆಯುತ್ತದೆ; ಹಾರ್ಡ್ ಇದಕ್ಕೆ ತದ್ವಿರುದ್ಧ. ಅಭ್ಯಾಸ, ಅರ್ಹತಾ ಸುತ್ತು, ಓಟ ಎಲ್ಲವೂ ಇದರಲ್ಲೇ ಮುಗಿಯಬೇಕು. ರಬ್ಬರು ತಣ್ಣಗಿದ್ದಾಗ ಬಿರುಸು, ಕಾದಾಗ ಅಂಟಂಟು, ಇನ್ನೂ ಕಾದರೆ ಹಿಡಿತ ಬಿಡುತ್ತದೆ. ಸುಮಾರು 100 ಡಿಗ್ರಿಯ ಆಚೀಚಿನ ಒಂದು ಕಿರಿದಾದ ಪಟ್ಟಿಯಲ್ಲಿ ಅದನ್ನು ಇಟ್ಟುಕೊಳ್ಳುವುದೇ ಚಾಲಕನ ಕೈಚಳಕ. ಹೊರಮೈ ಒಂದು ಬಿಸಿ, ಒಳಮೈ ಇನ್ನೊಂದು ಬಿಸಿ ಆದಾಗ ತೊಂದರೆಯೂ ಎರಡು ಬಗೆ. ಒಳಗೆ ತಣ್ಣಗಿದ್ದು ಮೇಲ್ಮೈ ಮಾತ್ರ ಜಾರಿ ಹರಿದರೆ ಟೈರಿನ ಮೇಲೆ ರಬ್ಬರಿನ ಸುರುಳಿಗಳು ಏಳುತ್ತವೆ. ಅದು ಗ್ರೈನಿಂಗ್, ಕೆಲವು ಸುತ್ತು ಸಂಭಾಳಿಸಿಕೊಂಡರೆ ಸವೆದು ಸರಿಹೋಗುವುದೂ ಉಂಟು. ಒಳಗೆ ವಿಪರೀತ ಕಾದು ರಬ್ಬರು ಗುಳ್ಳೆಯೆದ್ದು ಒಡೆದರೆ ಅದು ಬ್ಲಿಸ್ಟರಿಂಗ್. ಅದು ವಾಸಿಯಾಗುವುದಿಲ್ಲ.

ಹೊರಡುವ ಮುಂಚೆ ಟೈರಿಗೆ ವಿದ್ಯುತ್ ಕಂಬಳಿ ಹೊದಿಸಿ 70 ಡಿಗ್ರಿಗೆ ಕಾಯಿಸುತ್ತಾರೆ. ಆಗ ಗಾಳಿ 24 ಪಿಎಸ್‌ಐ ಇದೆ ಎನ್ನಿ. ಒಳಗಾಳಿ 110 ಡಿಗ್ರಿಗೆ ಏರಿದರೆ ಒತ್ತಡ 28 ದಾಟುತ್ತದೆ. ಲೆಕ್ಕ ಸುಲಭ: ವಾತಾವರಣದ 14.7 ಸೇರಿಸಿ, ಕೆಲ್ವಿನ್ ತಾಪದ ಅನುಪಾತ 383/343ರಿಂದ ಗುಣಿಸಿ, ಮತ್ತೆ 14.7 ಕಳೆಯಿರಿ. ಒತ್ತಡ ಏರಿದರೆ ಟೈರು ಉಬ್ಬಿ ರಸ್ತೆಗೆ ತಾಗುವ ಭಾಗ ಕಿರಿದಾಗುತ್ತದೆ, ಹಿಡಿತ ಇಳಿಯುತ್ತದೆ. ತುಮಕೂರು ರಸ್ತೆಯಲ್ಲಿ ಎರಡು ಗಂಟೆ ಓಡಿಸಿದ ಮೇಲೆ ಬಿಸಿ ಟೈರಿನ ಗಾಳಿ ಅಳೆಸಿ, ಜಾಸ್ತಿಯಾಗಿದೆ ಎಂದು ಬಿಡಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಕಂಬಳಿಯೇ ಇಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಸ್ಪ್ರಿಂಟ್ ಓಟ ಗೆದ್ದ ಆ ದರ್ಜೆಯಲ್ಲಿ ತಣ್ಣನೆ ಟೈರನ್ನು ಚಾಲಕರೇ ಅಡ್ಡಾದಿಡ್ಡಿ ತಿರುಗಿಸಿ, ಬ್ರೇಕು ಒತ್ತಿ ಕಾಯಿಸಿಕೊಳ್ಳಬೇಕು.

ಟೈರಿನ ಪಾಲು ತಪ್ಪಿದರೆ ಏನಾಗುತ್ತದೆ ಎನ್ನುವುದು ಜೂನ್ 1ರಂದು ಸ್ಪೇನಿನಲ್ಲಿ ಕಂಡಿತು. ಮೂರು ಸಲ ಟೈರು ಬದಲಿಸುವ ಲೆಕ್ಕದಲ್ಲಿ ಓಡುತ್ತಿದ್ದ ವರ್ಸ್ಟಾಪನ್ ಆ ಮೂರನ್ನೂ ಮುಗಿಸಿದ ಮೇಲೆ, ಓಟ ಕೊನೆಗೆ ಬಂದಾಗ, ಅಪಾಯ ಕಂಡಾಗ ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಓಡಿಸುವ ಸೇಫ್ಟಿ ಕಾರು ಹೊರಬಂತು. ಮುಂದಿದ್ದವರೆಲ್ಲ ಸಾಫ್ಟ್ ಹಾಕಿಕೊಂಡರು. ಇವರ ಪಾಲಿಗೆ ಉಳಿದಿದ್ದು ಓಡಿಸಿ ಸವೆದ ಸಾಫ್ಟ್, ಇಲ್ಲವೇ ಹೊಸ ಹಾರ್ಡ್. ತಂಡ ಹಾರ್ಡ್ ಹಾಕಿತು. ಓಟ ಮತ್ತೆ ಬಿಟ್ಟ ಕೂಡಲೇ ಕಾಯದ ಟೈರಿನಲ್ಲಿ ಕಾರು ಜಾರಿತು, ಚಾರ್ಲ್ಸ್ ಲೆಕ್ಲರ್ಕ್ ದಾಟಿ ಹೋದರು, ಸಿಟ್ಟಿನಲ್ಲಿ ವರ್ಸ್ಟಾಪನ್ ಜಾರ್ಜ್ ರಸೆಲ್ ಅವರ ಕಾರಿಗೆ ಗುದ್ದಿದರು. 10 ಸೆಕೆಂಡ್ ದಂಡ ಬಿದ್ದು ಐದರಿಂದ ಹತ್ತನೇ ಸ್ಥಾನಕ್ಕೆ ಇಳಿದರು. 10 ಅಂಕದ ಜಾಗದಲ್ಲಿ 1. ಆ 9 ಅಂಕ ಉಳಿದಿದ್ದರೆ ಡಿಸೆಂಬರಿನಲ್ಲಿ ಅವರದ್ದು 430. ಗುದ್ದಿದ್ದು ಮನುಷ್ಯನ ಕೋಪವೇ, ಸಂಶಯವಿಲ್ಲ. ಆದರೆ ಕೋಪಕ್ಕೆ ದಾರಿ ಮಾಡಿದ್ದು ಗ್ಯಾರೇಜಿನ ಖಾಲಿ ರ‍್ಯಾಕು.

ಕತಾರಿನಲ್ಲಿ ಆದದ್ದು ಶುದ್ಧ ಭಾಗಾಕಾರ. ಅಲ್ಲಿನ ವೇಗದ ತಿರುವುಗಳು ಟೈರನ್ನು ಹಿಂಡುತ್ತವೆ ಎಂದು ಟೈರು ಒದಗಿಸುವ ಪಿರೆಲ್ಲಿ ಕಂಪನಿ ಒಂದು ಸೆಟ್ ಗರಿಷ್ಠ 25 ಸುತ್ತು ಎಂದು ಮಿತಿ ಹಾಕಿತ್ತು. ಓಟ 57 ಸುತ್ತು. ಅಲ್ಲಿಗೆ ಎರಡು ಸಲ ಪಿಟ್‌ಗೆ ಬರಲೇಬೇಕು. ಏಳನೇ ಸುತ್ತಿನಲ್ಲಿ ಸೇಫ್ಟಿ ಕಾರು ಬಂತು. ಉಳಿದದ್ದು 50, ಅಂದರೆ ಸರಿಯಾಗಿ 25ರ ಎರಡು ಪಾಲು. ಟೈರು ಬದಲಿಸುವುದಕ್ಕೆ ಎರಡು ಮೂರು ಸೆಕೆಂಡ್ ಸಾಕು, ಆದರೆ ಪಿಟ್ ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಮಿತಿ ಇರುವುದರಿಂದ ಒಟ್ಟು ನಷ್ಟ 20 ಸೆಕೆಂಡಿಗೂ ಹೆಚ್ಚು. ಸೇಫ್ಟಿ ಕಾರಿನ ಹಿಂದೆ ಎಲ್ಲರೂ ನಿಧಾನ ಇರುವಾಗ ಒಳಗೆ ಬಂದರೆ ಆ ನಷ್ಟ ಬಹಳ ಇಳಿಯುತ್ತದೆ. ಹೆಚ್ಚುಕಡಿಮೆ ಎಲ್ಲರೂ ಒಳಗೆ ಬಂದರು, ಮುಂದಿದ್ದ ಮೆಕ್‌ಲಾರೆನ್‌ನ ಇಬ್ಬರು ಬರಲಿಲ್ಲ. ವರ್ಸ್ಟಾಪನ್ ಗೆದ್ದರು, ಪಿಯಾಸ್ಟ್ರಿ ಎರಡನೆಯವರು, ನಾರಿಸ್ ನಾಲ್ಕನೆಯವರು. 57ರಿಂದ 7 ಕಳೆಯುವುದು ಮೂರನೇ ಕ್ಲಾಸಿನ ಲೆಕ್ಕ. ಅಷ್ಟು ಕಂಪ್ಯೂಟರುಗಳ ನಡುವೆ ಅದು ತಪ್ಪಿದ್ದು ಇವತ್ತಿಗೂ ಸೋಜಿಗ.

2025ರಲ್ಲಿ ಎಂಜಿನ್ನಿನ ಪಾಲು ವರ್ಷಕ್ಕೆ ನಾಲ್ಕು. 1.6 ಲೀಟರಿನ ವಿ6 ಟರ್ಬೊ ಒಂದೊಂದು ಸರಾಸರಿ ಆರು ವಾರಾಂತ್ಯ ಬಾಳಬೇಕಿತ್ತು. ಹೆಚ್ಚಿಗೆ ಬಳಸಿದರೆ ಹೊರಡುವ ಸಾಲಿನಲ್ಲಿ ಹಿಂದಕ್ಕೆ. ಬ್ರೆಜಿಲ್‌ನಲ್ಲಿ ಅರ್ಹತಾ ಸುತ್ತು ಕೆಟ್ಟು 16ನೇ ಜಾಗಕ್ಕೆ ಬಿದ್ದ ವರ್ಸ್ಟಾಪನ್‌ಗೆ ತಂಡ ಹೊಸ ಎಂಜಿನ್ ಕೂರಿಸಿ, ಕಾರಿನ ಹೊಂದಾಣಿಕೆಯನ್ನೂ ಬದಲಿಸಿತು. ಪಿಟ್ ದಾರಿಯಿಂದ ಹೊರಟು ಮೂರನೆಯವರಾದರು. ಹೇಗೂ ಹಿಂದೆ ಇದ್ದಾಗ ದಂಡ ಕಟ್ಟಿಬಿಡುವುದು ಅಗ್ಗ. ಇಂಧನ 2025ರಲ್ಲಿ ಓಟಕ್ಕೆ 110 ಕೆ.ಜಿ., ಸುಮಾರು 145 ಲೀಟರು ಇತ್ತು. ಓಟದ ದೂರ 305 ಕಿ.ಮೀ., ಬೆಂಗಳೂರಿನಿಂದ ಶಿವಮೊಗ್ಗದಷ್ಟು. ಲೀಟರಿಗೆ ಎರಡು ಕಿಲೋಮೀಟರು ಎಂದರೆ ನಗರದ ಡೀಸೆಲ್ ಬಸ್ಸೂ ಇದಕ್ಕಿಂತ ಮೇಲು. ಆದರೆ ಶಿವಮೊಗ್ಗವನ್ನು ಒಂದೂವರೆ ಗಂಟೆಯಲ್ಲಿ ತಲುಪಿಸುವ ಬಸ್ಸಿಲ್ಲ.

ತೂಕಕ್ಕೂ ಮಿತಿ: 2025ರಲ್ಲಿ ಇಂಧನ ಬಿಟ್ಟು, ಚಾಲಕ ಸೇರಿ 800 ಕೆ.ಜಿ.ಗೆ ಕಡಿಮೆ ಇರಬಾರದಿತ್ತು. ಚೀನಾದಲ್ಲಿ ಲೆಕ್ಲರ್ಕ್ ಅವರ ಫೆರಾರಿ 799 ತೂಗಿತು, ಐದನೇ ಸ್ಥಾನ ಹೋಯಿತು. ಒಂದೇ ಸಲ ಟೈರು ಬದಲಿಸಿ ಓಡಿದ್ದರಿಂದ ರಬ್ಬರು ಎಣಿಸಿದ್ದಕ್ಕಿಂತ ಹೆಚ್ಚು ಸವೆದು ತೂಕ ಇಳಿದಿತ್ತು. ಓಟ ಮುಗಿದ ಮೇಲೆ ಚಾಲಕರು ಬೇಕೆಂದೇ ರಸ್ತೆಯ ಅಂಚಿಗೆ ಹೋಗಿ ಅಲ್ಲಿ ಉದುರಿದ ರಬ್ಬರಿನ ಚೂರುಗಳನ್ನು ಬಿಸಿ ಟೈರಿಗೆ ಮೆತ್ತಿಸಿಕೊಂಡು ಬರುವುದು ಈ ಒಂದೆರಡು ಕೆ.ಜಿ.ಗಾಗಿಯೇ. ಅದೇ ದಿನ ಲೂಯಿಸ್ ಹ್ಯಾಮಿಲ್ಟನ್ ಕಾರಿನ ಹಲಗೆಯೂ ಅರ್ಧ ಮಿಲಿಮೀಟರ್ ಕಮ್ಮಿಯಾಗಿ ಅವರೂ ಅನರ್ಹರಾದರು. ಮಾರ್ಚಿನಲ್ಲಿ ಫೆರಾರಿಗೆ ಬಂದ ಈ ಎಚ್ಚರಿಕೆ ನವೆಂಬರಿನಲ್ಲಿ ಮೆಕ್‌ಲಾರೆನ್‌ಗೆ ನೆನಪಿರಬೇಕಿತ್ತು.

ನಾರಿಸ್ ಅವರ ಇನ್ನೊಂದು 18 ಅಂಕ ಅಕ್ಷರಶಃ ಸೋರಿಹೋಗಿತ್ತು. ಆಗಸ್ಟಿನ ಡಚ್ ಓಟದಲ್ಲಿ 72ರಲ್ಲಿ 65ನೇ ಸುತ್ತು, ಎರಡನೇ ಸ್ಥಾನ, ಹಿಂದಿನಿಂದ ಹೊಗೆ: ಎಣ್ಣೆ ಸೋರಿಕೆ. ಅಂದು ವರ್ಸ್ಟಾಪನ್ ಮುಂಚೂಣಿಯಿಂದ 104 ಅಂಕ ಹಿಂದಿದ್ದರು, ಅವರನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಬುಧಾಬಿಗೆ ಬರುವಾಗ ನಾರಿಸ್ 408, ವರ್ಸ್ಟಾಪನ್ 396. ವರ್ಸ್ಟಾಪನ್ ಗೆದ್ದು 25 ಸೇರಿಸಿಕೊಂಡರು. ನಾರಿಸ್ ಮೂರನೆಯವರಾಗಿ 15 ಪಡೆದರು. ನಾಲ್ಕನೇ ಸ್ಥಾನಕ್ಕೆ ಸಿಗುವುದು 12. ಬೆನ್ನಿಗೇ ಇದ್ದ ಲೆಕ್ಲರ್ಕ್ ದಾಟಿದ್ದರೆ 420ಕ್ಕೆ ನಿಂತು ಒಂದು ಅಂಕದಲ್ಲಿ ಸೋಲುತ್ತಿದ್ದರು. ಪಟಾಕಿ ಹೊಡೆದದ್ದು ಗೆರೆ ದಾಟಿದ ಕೂಡಲೇ. ಫಲಿತಾಂಶದ ಹಾಳೆಯಲ್ಲಿ ಮಾತ್ರ ತಪಾಸಣೆ ಮುಗಿಯುವ ತನಕ ‘ತಾತ್ಕಾಲಿಕ’ ಎಂದೇ ಇರುತ್ತದೆ.