ಕ್ಯಾಲ್ಸಿಯಂ ಸುರಿದರೆ ವೀರ್ಯಾಣುವಿಗೆ ದಾರಿ ಸಿಗದು

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಪ್ರಾಣಿಶಾಸ್ತ್ರ ಓದುವ ನಮ್ಮ ಮಕ್ಕಳು ಬುದ್ಧಿವಂತರು. ಆದರೂ ಕಡಲ ಜೀವಿಗಳ ವೀರ್ಯಾಣು ನೀರಿನಲ್ಲಿ ಅಂಡವನ್ನು ಹೇಗೆ ಹುಡುಕುತ್ತದೆ ಎಂದು ಕೇಳಿದರೆ ಉತ್ತರಪತ್ರಿಕೆಯಲ್ಲಿ ಈ ಮಾತು ಬಂದೇ ಬರುತ್ತದೆ: ‘ಅಂಡದ ಹತ್ತಿರ ಕ್ಯಾಲ್ಸಿಯಂ ಹೆಚ್ಚು, ವೀರ್ಯಾಣು ಅತ್ತ ಹೋಗುತ್ತದೆ.’ ಖಂಡಿತ ಅಲ್ಲ. ಅಳಿವೆಯ ಸಪ್ಪೆ ನೀರನ್ನು ಬಿಟ್ಟರೆ, ಬೇಕಲದಲ್ಲಿ ಮೊಗೆದರೂ ಕುಂಬಳೆಯಲ್ಲಿ ಮೊಗೆದರೂ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಎಲ್ಲೆಡೆ ಒಂದೇ ಸಮ ಇರುವುದು ದಿಕ್ಕು ತೋರಿಸುವುದು ಹೇಗೆ?

ಅಂಡ ಬಿಡುವ ವಸ್ತು ಬೇರೆ. ಅರ್ಬೇಸಿಯಾ ಪಂಕ್ಚುಲೇಟಾ ಎಂಬ, ಮೈತುಂಬ ಮುಳ್ಳಿರುವ ಕಡಲ ಜೀವಿ ಸೀ ಅರ್ಚಿನ್‌ನಲ್ಲಿ ಅದು ರಿಸಾಕ್ಟ್, 14 ಅಮೈನೋ ಆಮ್ಲಗಳ ಪೆಪ್ಟೈಡ್ (ಪ್ರೋಟೀನಿನಂಥ ಪುಟ್ಟ ಸರಪಳಿ). ಅದು ವೀರ್ಯಾಣುವಿನ ಬಾಲದ ಗ್ರಾಹಕಕ್ಕೆ ಅಂಟಿದೊಡನೆ ಒಳಗೆ ಸಿಜಿಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ, ಪೊಟ್ಯಾಸಿಯಂ ಹೊರಬೀಳುತ್ತದೆ, ಪೊರೆಯ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಮರಳಿ ಏರುವಾಗ ಕ್ಯಾಟ್‌ಸ್ಪರ್ ಚಾನೆಲ್ (ಬಾಲದ ಪೊರೆಯಲ್ಲಿ ಕ್ಯಾಲ್ಸಿಯಂ ಹಾಯುವ ಬಾಗಿಲು) ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ.

ಎಡವುವುದು ಇದರ ಮುಂದೆ. ಸ್ಲೈಡಿನ ಮೇಲೆ ವೀರ್ಯಾಣು ನೇರ ಈಜದೆ ಸುತ್ತು ಹಾಕುತ್ತದೆ. ಅರ್ಧ ಸುತ್ತು ಅಂಡದ ಕಡೆಗೆ, ಆಗ ರಿಸಾಕ್ಟ್ ಏರುತ್ತದೆ. ಉಳಿದರ್ಧ ಆಚೆಗೆ, ಆಗ ಇಳಿಯುತ್ತದೆ. ಅದೇ ತಾಳಕ್ಕೆ ಒಳಗಿನ ಕ್ಯಾಲ್ಸಿಯಂ ಕೂಡ ಏರಿಳಿಯುತ್ತದೆ. ಕ್ಯಾಲ್ಸಿಯಂ ಸರ್ರನೆ ಏರುವಾಗ ಬಾಲದ ಬಡಿತ ಒಂದು ಬದಿಗೆ ವಾಲಿ ಗಕ್ಕನೆ ತಿರುವು. ಇಳಿಯುವಾಗ ದಾರಿ ನೆಟ್ಟಗಾಗುತ್ತದೆ. ಒಳಗೆ ಕ್ಯಾಲ್ಸಿಯಂ ಎಷ್ಟಿದೆ ಎನ್ನುವುದಲ್ಲ, ಎಷ್ಟು ಬೇಗ ಬದಲಾಗುತ್ತಿದೆ ಎನ್ನುವುದೇ ಬಾಲವನ್ನು ಬಾಗಿಸುತ್ತದೆ. ಇದನ್ನು ಎರಡು ಸಲ ಓದಿ. ಸಂಕೇತ ತಗಲಿದ್ದಕ್ಕೂ ತಿರುವಿಗೂ ನಡುವೆ ಕ್ಷಣಾರ್ಧದಷ್ಟು ತಡ ಇರುವುದರಿಂದಲೇ ತಿರುವು ಸುತ್ತಿನ ಸರಿಯಾದ ಜಾಗದಲ್ಲಿ ಬೀಳುತ್ತದೆ, ನೇರ ಓಟ ಅಂಡದತ್ತ ಸಾಗುತ್ತದೆ. ಸಿಯೋನಾ ಎಂಬ ಕಡಲ ಜೀವಿಯಲ್ಲಂತೂ ಆಕರ್ಷಕ ವಸ್ತು ತೀರಾ ಕಡಿಮೆಯಾದ ಗಳಿಗೆಯಲ್ಲೇ ಕ್ಯಾಲ್ಸಿಯಂ ಚಿಮ್ಮುತ್ತದೆ.

ಹಾಗಾಗಿ ಈ ಸೆಳೆತವನ್ನು ಸ್ಲೈಡಿನ ಮೇಲೆ ನೋಡುವ ಪ್ರಯೋಗದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಸುರಿಯಬೇಡಿ. ಆಕರ್ಷಕವನ್ನು ಇಡೀ ಹನಿಗೆ ಕಲಸಲೂ ಬೇಡಿ. ಕಲಸಿದರೆ ವೀರ್ಯಾಣುಗಳು ತಿರುಗಾಡುತ್ತವೆ, ಒಂದೆಡೆ ಸೇರುವುದಿಲ್ಲ. ತೆಳು ಕ್ಯಾಪಿಲರಿ ಗಾಜಿನ ನಳಿಗೆಯಿಂದ ಒಂದು ಅಂಚಿಗೆ ಮಾತ್ರ ಬಿಡಿ. ವೀರ್ಯಕ್ಕೆ ನೀರು ಬೆರೆಸದೆ ಮಂಜುಗಡ್ಡೆಯ ಮೇಲಿಡಿ, ನೋಡುವ ಹೊತ್ತಿಗಷ್ಟೇ ಕಡಲ ನೀರು ಬೆರೆಸಿ. ಮೊದಲೇ ಬೆರೆಸಿದರೆ ಬೇಗ ಸೋಲುತ್ತವೆ. ಹೋಲಿಕೆಗೆ ಇಜಿಟಿಎ ಎಂಬ ರಾಸಾಯನಿಕ ಹಾಕಿ ಕ್ಯಾಲ್ಸಿಯಂ ಕಟ್ಟಿಹಾಕಬಹುದು, ಆದರೆ ಅದರಿಂದ ಪಿಎಚ್ ಬೀಳುತ್ತದೆ. ಮತ್ತೆ 8ರ ಆಸುಪಾಸಿಗೆ ತರದಿದ್ದರೆ ವೀರ್ಯಾಣು ಸುಸ್ತಾದದ್ದು ಆಮ್ಲಕ್ಕೋ ಕ್ಯಾಲ್ಸಿಯಂ ಇಲ್ಲದ್ದಕ್ಕೋ ತಿಳಿಯದು.

ಪಡನ್ನದಲ್ಲಿ ಹಗ್ಗ ಇಳಿಬಿಟ್ಟು ಬೆಳೆಸಿದ ಪಚ್ಚಿಲೆ ಎಂಬ ಚಿಪ್ಪುಜೀವಿಯ ವೀರ್ಯಾಣುವಿಗೆ ರಿಸಾಕ್ಟ್ ಹಾಕಿ ಕಾಯುವುದೂ ವ್ಯರ್ಥ. ಜಾತಿ ಬದಲಾದರೆ ಕರೆಯುವ ವಸ್ತುವೂ ಬದಲು: ಕೆಂಪು ಅಬಲೋನ್ ಎಂಬ ಕಡಲ ಬಸವನಹುಳುವಿನಲ್ಲಿ ಅದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ.