ಬೀದರ್‌ನಿಂದ ಹೈದರಾಬಾದ್ ವಿಮಾನ ನಿಲ್ದಾಣ ಎಷ್ಟು ದೂರ? ಯಾವ ದೂರ ಅಂತ ಮೊದಲು ಕೇಳಿ

ಬೀದರ್‌ನಿಂದ ಯಾರಾದ್ರೂ ಗಲ್ಫ್‌ಗೆ ಹೊರಟರೆ ಗಾಡಿ ಓಡುವುದು ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಶಾಬಾದ್ ಕಡೆಗೆ. ರಸ್ತೆಯಲ್ಲಿ ಸುಮಾರು 150 ಕಿ.ಮೀ. ಬೀದರ್ ವಿಮಾನ ನಿಲ್ದಾಣದಿಂದ ಅಲ್ಲಿಗೆ ನೇರವಾಗಿ ಅಳೆದರೆ ಸುಮಾರು 125. ಈ 125 ನಮ್ಮ ಊರನ್ನು ವರ್ಷಗಟ್ಟಲೆ ಕಾಯಿಸಿತು.

ಈ ನೇರ ದೂರ ಅಂದ್ರೇನು ಅಂತ ಮೊದಲು ಲೆಕ್ಕ ನೋಡೋಣ. ಮಕ್ಕಳ ಗ್ಲೋಬ್ ತಗೊಂಡು ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರ ತಾನಾಗೇ ಜಾರಿ ದೂರದ ಉತ್ತರಕ್ಕೆ, ಸೈಬೀರಿಯಾದ ಮೇಲೆ ಹೋಗಿ ನಿಲ್ಲುತ್ತೆ. ಅದೇ ಅತಿ ಹತ್ತಿರದ ದಾರಿ. ಗೋಡೆ ನಕ್ಷೆ ನೋಡಿದ್ರೆ ನಂಬೋಕೇ ಆಗಲ್ಲ, ಅಲ್ವಾ? ಭೂಮಿಯ ನಡುವಿನಿಂದ ನೋಡಿದರೆ ಈ ಎರಡು ಊರುಗಳ ಮಧ್ಯೆ ಸುಮಾರು 126 ಡಿಗ್ರಿ ಕೋನ. ಒಂದು ಡಿಗ್ರಿಗೆ 111 ಕಿ.ಮೀ. ಅಂದ್ರೆ ಹತ್ತಿರ ಹತ್ತಿರ 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಇನ್ನೂ ಉತ್ತರಕ್ಕೆ ಸರಿದು ಧ್ರುವದ ಮೇಲಿಂದಲೇ ಬಂದರು.

ಭೂಮಿ ಪೂರಾ ಚೆಂಡಲ್ಲ, ಧ್ರುವದ ಕಡೆ ಸ್ವಲ್ಪ ಚಪ್ಪಟೆ. ಎಷ್ಟು ಚಪ್ಪಟೆ ಅಂತ ಅಳೆದವರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಒಬ್ಬರು. 1815ರಲ್ಲಿ ಬೀದರ್ ಹತ್ತಿರವೇ ಉಕ್ಕಿನ ಸರಪಳಿ ಎಳೆದು ಅಳತೆ ಮಾಡಿದರು. ಆ ಕೆಲಸದ ಮೇಲೆ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಲೆಕ್ಕ ಕೊಟ್ಟರು. 1975ರಲ್ಲಿ ಇಂಥ ಚಪ್ಪಟೆ ಭೂಮಿಯ ಮೇಲೆ ದೂರ ಲೆಕ್ಕ ಹಾಕುವ ವಿನ್ಸೆಂಟಿ ಸೂತ್ರ ಬಂತು, ಆಮೇಲೆ ಜಿಪಿಎಸ್ ಬಂತು, ಈಗ ಮೊಬೈಲ್‌ನಲ್ಲೇ ಉತ್ತರ ಸಿಗುತ್ತೆ. ಹಾಗಂತ ವಿಮಾನ ಅಷ್ಟೇ ದೂರ ಹಾರುತ್ತೆ ಅಂತಲ್ಲ. ಗಾಳಿ, ನಿಗದಿತ ವಾಯುಮಾರ್ಗ, ವಿಮಾನಗಳಿಗೆ ಮುಚ್ಚಿದ ಆಕಾಶ ಎಲ್ಲ ಸೇರಿ ದಾರಿ ಬೆಳೆಯುತ್ತೆ.

ಈಗ ನಮ್ಮ ಕಡೆಯ ಕಥೆ. 2004ರಲ್ಲಿ ಹೈದರಾಬಾದ್‌ನ ಹೊಸ ನಿಲ್ದಾಣಕ್ಕೆ ಒಪ್ಪಂದ ಆಯಿತು. ನಿಲ್ದಾಣ ಶುರುವಾದ ಮೇಲೆ 25 ವರ್ಷ, 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬೆಳೆಯಬಾರದು ಅನ್ನುವ ಷರತ್ತು ಅದರಲ್ಲಿತ್ತು. ಆ 150 ರಸ್ತೆಯ ದೂರವಲ್ಲ, ವೈಮಾನಿಕ ದೂರ, ಅಂದ್ರೆ ನೇರ ದೂರ. ಕಲಬುರಗಿ ನಿಲ್ದಾಣ ನೇರವಾಗಿ ಸುಮಾರು 156 ಕಿ.ಮೀ. ದೂರ, ಅಷ್ಟರಲ್ಲೇ ಪಾರು. ಬೀದರ್ ಸಿಕ್ಕಿಹಾಕಿಕೊಂಡಿತು. ವಾಯುಪಡೆಯ ರನ್‌ವೇ ಕಣ್ಣೆದುರಿಗೇ ಇತ್ತು. ತರಬೇತಿ ವಿಮಾನಗಳು ದಿನಾ ತಲೆ ಮೇಲೆ ಹಾರುತ್ತಿದ್ದವು, ಆದರೆ ಟಿಕೆಟ್ ಕೊಂಡು ಹತ್ತುವ ವಿಮಾನ ಮಾತ್ರ ಇರಲಿಲ್ಲ. ಕಲಬುರಗಿಗೆ 2019ರ ನವೆಂಬರ್ 22ರಂದು ವಿಮಾನ ಬಂತು. ಒಪ್ಪಿಗೆ ಸಿಕ್ಕ ಮೇಲೆ ಬೀದರ್‌ಗೆ 2020ರ ಫೆಬ್ರವರಿ 7ರಂದು.

ಹೊಸ ನಿಲ್ದಾಣಕ್ಕೆ ಹಾಕಿದ ಹಣ ವಾಪಸ್ ಬರಬೇಕು, ಅದಕ್ಕೆ ರಕ್ಷಣೆ ಬೇಕು ಅನ್ನುವುದು ಅರ್ಥವಾಗುವ ಮಾತು. ಆದರೆ ಔರಾದ್‌ನ ಹಳ್ಳಿಯವರು ಮೊದಲು ಬೀದರ್‌ಗೆ ಬರಬೇಕು, ಅಲ್ಲಿಂದ ಶಂಶಾಬಾದ್‌ಗೆ ಹೋಗಬೇಕು. ಬೆಳಗಿನ ವಿಮಾನ ಅಂದ್ರೆ ಹಿಂದಿನ ರಾತ್ರಿಯೇ ಊಟ ಕಟ್ಟಿಕೊಂಡು ಮನೆ ಬಿಡಬೇಕು. ಆ ರಾತ್ರಿ ಪ್ರಯಾಣವನ್ನು ಷರತ್ತು ಬರೆಯುವಾಗ ಯಾರೂ ಅಳೆಯಲಿಲ್ಲ.